ಅರ್ಧ ಅಣ್ಣ

ನಮ್ಮ ದೊಡ್ಡಮ್ಮನ ಬಾಯಿ ಅರ್ಧ ಗಂಟೆ ಖಾಲಿ ಇದ್ದದ್ದನ್ನು ಕಂಡವರು ನಮ್ಮ ಕುಟುಂಬದಲ್ಲಿ ಯಾರೂ ಇಲ್ಲ. ಒಂದೋ ಮಾತು, ಇಲ್ಲಾಂದ್ರೆ ಎಲೆಅಡಿಕೆಯ ಕವಳ. ಹೆಚ್ಚಾಗಿ ಎರಡೂ ಒಟ್ಟಿಗೆ. ಹಾಗಾಗಿ ಅಣ್ಣನ ಮಗ ಅಮೆರಿಕದಿಂದ ಡಿಎನ್‌ಎ ಪರೀಕ್ಷೆಯ ಮೂರು ಡಬ್ಬಿ ತಂದು, "ಅಜ್ಜಿ, ಉಗುಳು ಕೊಡೋಕೆ ಮುಂಚೆ ಅರ್ಧ ಗಂಟೆ ಏನೂ ಬಾಯಿಗೆ ಹಾಕಬಾರದು" ಅಂದಾಗ ಜಗಲಿಯಲ್ಲಿ ಕೂತಿದ್ದವರೆಲ್ಲ ಮುಖ ಮುಖ ನೋಡಿಕೊಂಡೆವು.

"ಉಗುಳೋಕೆ ಅಲ್ಲಿಂದ ಡಬ್ಬಿ ಹೊತ್ಕೊಂಡು ಬಂದ್ಯನಾ? ಅಂಗಳ ಇಷ್ಟುದ್ದ ಬಿದ್ದಿದೆ" ಅಂದಳು ದೊಡ್ಡಮ್ಮ.

ಇದಕ್ಕೆಲ್ಲ ಕಾರಣ ನಾನೇ. ನಿವೃತ್ತಿಯಾಗಿ ಶಿವಮೊಗ್ಗದ ವಿನೋಬನಗರದ ಮನೆಯಲ್ಲಿ ಕೂತವನಿಗೆ ವಂಶವೃಕ್ಷದ ಹುಚ್ಚು ಹತ್ತಿತು. ವಾಕಿಂಗ್ ಮಾಡಿ ಅಂದಳು ಹೆಂಡತಿ. ನಾನು ನೋಟ್‌ಬುಕ್ ಹಿಡಿದು ನೆಂಟರ ಮನೆಗಳಿಗೆ ಹೊರಟೆ.

ಹೊಸನಗರದ ಕಡೆ ಒಬ್ಬ ಹಿರಿಯರ ಮನೆಗೆ ಹೋದೆ. ಬರಮಾಡಿಕೊಂಡರು, ಕಷಾಯಕ್ಕೆ ಹೇಳಿದರು. "ನಿಮ್ಮ ಅಜ್ಜನ ಅಪ್ಪನ ಹೆಸರೇನು?" ಅಂತ ಕೇಳಿದ್ದೇ ತಡ, ಅವರ ಮುಖ ಗಟ್ಟಿಯಾಯಿತು. "ಎಂತಕ್ಕೆ? ಪೌತಿ ಖಾತೆ ಮಾಡ್ಸೋದಿತ್ತಾ?" ಕಷಾಯ ಬರಲೇ ಇಲ್ಲ.

ಅವರದ್ದೂ ತಪ್ಪಲ್ಲ ಬಿಡಿ. ನಮ್ಮ ಕಡೆ ವಂಶವೃಕ್ಷ ಅಂದರೆ ನಾಡಕಚೇರಿಗೆ ಅರ್ಜಿ ಕೊಟ್ಟು ತಗೊಳ್ಳುವ ಕಾಗದ. ಯಾರಾದರೂ ತೀರಿಕೊಂಡು, ಪಹಣಿಯಲ್ಲಿ ಹೆಸರು ಬದಲಾಗಬೇಕಾದಾಗ ಮಾತ್ರ ಅದರ ನೆನಪು. ಸುಮ್ನೆ ಕುತೂಹಲಕ್ಕೆ ಮುತ್ತಜ್ಜನ ಹೆಸರು ಕೇಳ್ತಾನೆ ಅಂದರೆ ನಂಬುವವರು ಯಾರು? ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲಿ ಕಾನೂನು ತಿದ್ದಿದ ಮೇಲಂತೂ ಅತ್ತೆಯಂದಿರ ಹೆಸರು ಕೇಳುವುದೂ ಕಷ್ಟ. ಒಬ್ಬರಿಗೆ ತಮಗೆ ತಂಗಿಯರು ಎಷ್ಟು ಜನ ಅನ್ನೋದೇ ಆ ಹೊತ್ತಿಗೆ ಮರೆತುಹೋಯಿತು.

ಅಪ್ಪನ ಕಡೆ ಹೀಗಾದರೆ ಅಮ್ಮನ ಕಡೆ ಹೋಗಿ ಕೇಳೋಣ ಅನ್ನಲು ಊರೇ ಇಲ್ಲ. ಅಮ್ಮ ಮತ್ತು ದೊಡ್ಡಮ್ಮನ ತವರು ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಶರಾವತಿ ಕಣಿವೆಯ ಜನ ದಿಕ್ಕಿಗೊಬ್ಬರಾಗಿದ್ದರು. ಪಕ್ಕದ ಮನೆಯವರು ಒಂದು ಲಾರಿ ಹತ್ತಿದರೆ ಇವರು ಇನ್ನೊಂದು. ದೊಡ್ಡಮ್ಮನ ಚಿಕ್ಕಪ್ಪನ ಮಕ್ಕಳು ಎಲ್ಲಿಗೆ ಹೋದರೋ ಪತ್ತೆಯಿಲ್ಲ. "ಬ್ಯಾಸಗೆಲಿ ನೀರಿಳಿದಾಗ ನಮ್ಮನೆ ಬಾವಿಕಟ್ಟೆ ಕಾಣ್ತಿತ್ತಂತೆ" ಅಂತ ಅವಳು ಈಗಲೂ ಹೇಳುತ್ತಾಳೆ. ಅವರ ಮಕ್ಕಳು ಮೊಮ್ಮಕ್ಕಳು ಯಾರಾದರೂ ಎಲ್ಲೋ ಕೂತು ಇಂಥದ್ದೇ ಡಬ್ಬಿಗೆ ಉಗುಳಿರಬಹುದಲ್ವಾ ಅನ್ನೋದು ನನ್ನ ಆಸೆ.

ಸರಿ, ಉಗುಳುವ ಕಾರ್ಯಕ್ರಮ ಶುರುವಾಯಿತು. ನಳಿಗೆಯಲ್ಲೊಂದು ಗೆರೆ ಇರುತ್ತದೆ, ಅಲ್ಲಿವರೆಗೆ ತುಂಬಬೇಕು. ತೋಟ ನೋಡಿಕೊಂಡಿರುವ ಅಣ್ಣ, ಅಂದರೆ ದೊಡ್ಡಪ್ಪನ ಮಗ, ಎರಡೇ ನಿಮಿಷದಲ್ಲಿ ಮುಗಿಸಿದ. ಅಡಿಕೆ ದರ ಇಳಿದಾಗೆಲ್ಲ ಉಗಿದು ಅವನಿಗೆ ರೂಢಿ. ನನ್ನದು ಬರೀ ನೊರೆ. "ನೊರೆ ಲೆಕ್ಕಕ್ಕಿಲ್ಲ ಚಿಕ್ಕಪ್ಪ" ಅಂದ ಹುಡುಗ. ಕೊನೆಗೆ ಅತ್ತಿಗೆ ಒಳಗಿಂದ ಅಪ್ಪೆಮಿಡಿ ಭರಣಿ ತಂದು, ಮುಚ್ಚಳ ತೆಗೆದು ನನ್ನ ಮೂಗಿನ ಕೆಳಗೆ ಹಿಡಿದರು. ಜೀರಿಗೆ ಮಿಡಿ, ಆ ವರ್ಷದ್ದೇ. ತಿನ್ನುವಂತಿಲ್ಲ, ಮೂಸಬೇಕು ಅಷ್ಟೇ. ನಳಿಗೆ ತುಂಬಿ ತುಳುಕಿತು.

ದೊಡ್ಡಮ್ಮ ಇಪ್ಪತ್ತು ನಿಮಿಷ ತಡೆದಳು. ಆಮೇಲೆ ಬಚ್ಚಲಿಗೆ ಅಂತ ಹೋದವಳು ಬರುವಾಗ ಮಾತೇ ಆಡಲಿಲ್ಲ. ಅವಳು ಮಾತಾಡದೆ ಇದ್ದದ್ದೇ ಅನುಮಾನಕ್ಕೆ ಸಾಕಿತ್ತು. ಅವಳ ನಳಿಗೆ ತೆಳು ಇಟ್ಟಿಗೆ ಬಣ್ಣಕ್ಕಿತ್ತು. ಹುಡುಗ ಮೂರನ್ನೂ ಹಪ್ಪಳದ ಕಟ್ಟಿನ ಪಕ್ಕ ಬ್ಯಾಗಿಗೆ ಸೇರಿಸಿ ವಿಮಾನ ಹತ್ತಿದ.

ಫಲಿತಾಂಶ ಬಂದದ್ದು ಜುಲೈನಲ್ಲಿ, ಜಡಿಮಳೆಯ ರಾತ್ರಿ. ದೊಡ್ಡಮ್ಮನ ಮಾದರಿ ಪರೀಕ್ಷೆಗೆ ಯೋಗ್ಯವಿಲ್ಲ ಅಂತ ಬಂತು. ನನ್ನದೂ ಅಣ್ಣನದೂ ಪಾಸು. ಇಬ್ಬರಿಗೂ ಹೊಂದಿಕೆ ಶೇಕಡಾ 25ರ ಹತ್ತಿರ. ಕೆಳಗೆ ಮೊಬೈಲೇ ಕನ್ನಡಕ್ಕೆ ತಿರುಗಿಸಿಕೊಟ್ಟಿತ್ತು: ಅಜ್ಜ, ಚಿಕ್ಕಪ್ಪ ಅಥವಾ ಅರ್ಧ ಸಹೋದರ.

ನನಗೆ ಯೋಚನೆ ಮಾಡುವ ಅಭ್ಯಾಸ ಸ್ವಲ್ಪ ನಿಧಾನ, ಫಾರ್ವರ್ಡ್ ಮಾಡುವ ಅಭ್ಯಾಸ ಜೋರು. ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ. "ಫಲಿತಾಂಶ ಬಂದಿದೆ, ವಿವರ ಮುಂದಿನ ಮೆಸೇಜಿನಲ್ಲಿ" ಅಂತ ಬೇರೆ ಬರೆದೆ. ತೀರ್ಥಹಳ್ಳಿ ಅತ್ತೆ "ಅಭಿನಂದನೆಗಳು" ಅಂದರು. ಭದ್ರಾವತಿ ಭಾವ ಓದದೆಯೇ "ಓಂ ಶಾಂತಿ" ಹಾಕಿದರು. ಆ ಗುಂಪಿಗೆ ರಾತ್ರಿ ಹೊತ್ತು ಬರುವುದು ಅಂಥ ಸುದ್ದಿಯೇ.

ಹೆಂಡತಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. "ಏನ್ರೀ ಇದು? ದೊಡ್ಡಪ್ಪನ ಮಕ್ಕಳು ಅಂದ್ರೆ ಹನ್ನೆರಡೂವರೆ ಅಂತ ನೀವೇ ಹೇಳಿದ್ರಲ್ವಾ?" ಆಗ ನನ್ನ ಹೊಟ್ಟೆಯೊಳಗೆ ಏನೋ ಕುಸಿಯಿತು. ಅಣ್ಣನಿಗೂ ನನಗೂ ನಾಲ್ಕೇ ವರ್ಷ ಅಂತರ. ಅವನು ನನ್ನ ಅಜ್ಜನಾಗಲು ಸಾಧ್ಯವಿಲ್ಲ, ಚಿಕ್ಕಪ್ಪನೂ ಅಲ್ಲ. ಉಳಿದದ್ದು ಒಂದೇ. ಗೋಡೆ ಮೇಲಿದ್ದ ಅಪ್ಪನ ಫೋಟೋ ಕಡೆ ನೋಡಲು ಧೈರ್ಯ ಬರಲಿಲ್ಲ. "ಮಾವ ಅಂಥೋರಲ್ಲ" ಅಂದಳು ಹೆಂಡತಿ. ಅವಳೂ ಫೋಟೋ ನೋಡಲಿಲ್ಲ.

ಫೋಟೋ ಅಳಿಸಿದೆ. ಅಷ್ಟರಲ್ಲಿ ಹದಿನೇಳು ಜನ ನೋಡಿಯಾಗಿತ್ತು.

ಬೆಳಗ್ಗೆ ಅಮೆರಿಕದಿಂದ ಹುಡುಗನ ಫೋನು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಚಿಕ್ಕಪ್ಪ, ನಿಮ್ಮಿಬ್ಬರ ಅಪ್ಪಂದಿರು ಅಣ್ಣತಮ್ಮ. ಅಮ್ಮಂದಿರು ಅಕ್ಕತಂಗಿ. ಆ ಕಡೆಯಿಂದ ಹನ್ನೆರಡೂವರೆ, ಈ ಕಡೆಯಿಂದ ಹನ್ನೆರಡೂವರೆ. ಕೂಡಿಸಿ! ನೀವು ಹೆದರಿದ ಹಾಗೆ ಆಗಿದ್ದರೆ ಮೂವತ್ತೇಳೂವರೆ ಬರಬೇಕಿತ್ತು." ಅರವತ್ತು ವರ್ಷದಿಂದ ಗೊತ್ತಿದ್ದ ವಿಷಯ. ಲೆಕ್ಕ ಬರೆಯೋದೇ ಕೆಲಸವಾಗಿದ್ದವನಿಗೆ ಕೂಡಿಸಬೇಕು ಅಂತ ಹೊಳೆಯಲಿಲ್ಲ ನೋಡಿ.

ಕೂಡಲೇ ಉದ್ದದ ವಿವರಣೆ ಬರೆದು ಗುಂಪಿಗೆ ಹಾಕಿದೆ. ಎಲ್ಲರೂ ಓದಿದರು, ಅಣ್ಣನೊಬ್ಬನನ್ನು ಬಿಟ್ಟು. ಅವನ ಮನೆಯಲ್ಲಿ ಸಿಗ್ನಲ್ ಇಲ್ಲ. ತೋಟದ ದರೆ ಹತ್ತಿ, ಹಲಸಿನ ಮರದ ಬುಡದಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತರೆ ಎರಡು ಕಡ್ಡಿ ಬರುತ್ತದೆ. ನಾನು ಅಳಿಸುವ ಮುಂಚೆಯೇ, ಆ ರಾತ್ರಿ ಪಂಪಿನ ಮೆಕ್ಯಾನಿಕ್‌ಗೆ ಫೋನ್ ಮಾಡಲು ಅಂತ ಛತ್ರಿ ಹಿಡಿದು ಅಲ್ಲಿಗೆ ಹತ್ತಿದ್ದನಂತೆ. ಫೋಟೋ ಕಂಡಿದೆ. ಅದೇ ಗಳಿಗೆಗೆ ಲೈನ್ ಮೇಲೆ ಮರ ಬಿದ್ದು ಕರೆಂಟು ಹೋಗಿ, ಟವರೂ ಹೋಗಿದೆ. ನನ್ನ ವಿವರಣೆ ಮೂರು ದಿನ ಒಂದೇ ಟಿಕ್‌ನಲ್ಲಿ ನಿಂತಿತ್ತು.

ನಾಲ್ಕನೇ ದಿನ ಬೆಳಗ್ಗೆ ಮೊದಲ ಬಸ್ಸಿಗೇ ಅಣ್ಣ ಬಂದಿಳಿದ. ಕಂಕುಳಲ್ಲಿ ಪ್ಲಾಸ್ಟಿಕ್ ಕವರು. ಜೊತೆಗೆ ದೊಡ್ಡಮ್ಮ. ಇಂಥದ್ದನ್ನು ಅವಳು ತಪ್ಪಿಸಿಕೊಳ್ಳುವವಳಲ್ಲ. ಕವರಿನಿಂದ ಹಳೇ ಪಾಲುಪಟ್ಟಿ ತೆಗೆದು ಟೀಪಾಯಿ ಮೇಲಿಟ್ಟ. ಮಡಿಕೆಯಲ್ಲಿ ಹರಿದು, ಟೇಪು ಹಚ್ಚಿದ್ದ ಕಾಗದ. ಕೆಳಗೆ ಅಪ್ಪನ ಸಹಿ.

"ನೋಡು ಮಾರಾಯ, ಚಿಕ್ಕಪ್ಪ ದುಡ್ಡು ತಗೊಂಡು ಬಿಡುಗಡೆ ಬರ್ಕೊಟ್ಟಾಗಿದೆ. ಈಗ ಅರ್ಧ ಅಣ್ಣ ಅಂದ್ರೆ ಎಂತ? ತೋಟದಲ್ಲೂ ಅರ್ಧ ಅಂತಲಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮ ನುಗ್ಗಿದಳು. "ಅದರಲ್ಲಿ ಎಂತ ಬಂದಿದೆ ಹೇಳು ಮೊದ್ಲು."

"ನಾವಿಬ್ರೂ ಅಣ್ಣತಮ್ಮ ಅಂತ."

"ಅಷ್ಟೇನಾ? ನಾನೂ ನಿನ್ನಮ್ಮನೂ ಒಂದೇ ಚಪ್ಪರದಲ್ಲಿ ಧಾರೆ ಎರೆಸ್ಕೊಂಡೋರು. ಅಣ್ಣಂಗೆ ಅಕ್ಕ, ತಮ್ಮಂಗೆ ತಂಗಿ. ಅಪ್ಪಯ್ಯಂಗೆ ಒಂದೇ ಊಟದ ಖರ್ಚು. ಹುಟ್ಟಿದಾಗಿಂದ ಇವನನ್ನ ಅಣ್ಣ ಅಂತಲೇ ಕರೀತಿದ್ದೀಯಲ್ಲ, ಈಗ ಉಗುಳಿ ಕೇಳೋದು ಎಂತ ಇತ್ತು?"

ನಿಜ ಹೇಳಬೇಕಂದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ದೊಡ್ಡಪ್ಪನ ಹೆಂಡತಿಯೂ ದೊಡ್ಡಮ್ಮ, ಅಮ್ಮನ ಅಕ್ಕನೂ ದೊಡ್ಡಮ್ಮ. ಎರಡೂ ಅವಳೇ ಆದ್ದರಿಂದ ನಾನು ಒಂದೇ ಸಲ ಕರೆಯುತ್ತಿದ್ದೆ.

ಅಣ್ಣ ನೀರ್‌ದೋಸೆ ತಿಂದ, ಪಾಲುಪಟ್ಟಿ ಮಡಿಸಿ ಒಳಗಿಟ್ಟ. ಕವರನ್ನು ಮಾತ್ರ ಹೊರಡುವವರೆಗೂ ತೊಡೆ ಮೇಲಿಂದ ಇಳಿಸಲಿಲ್ಲ.

ದೊಡ್ಡಮ್ಮ ನನ್ನ ಮೊಬೈಲು ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದಳು. "ನಂದು ಯಾಕೆ ಬರಲಿಲ್ಲ?"

"ಕವಳದ್ದು ದೊಡ್ಡಮ್ಮ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಮ್ಮ ತವರಿನೋರು ಯಾರಾದ್ರೂ ಇದ್ರೆ ಇದರಲ್ಲಿ ಗೊತ್ತಾಗ್ತದಾ?"

"ಅವರೂ ಉಗುಳಿದ್ರೆ."

"ಹಂಗಾದ್ರೆ ಇನ್ನೊಂದು ಡಬ್ಬಿ ತರೋಕೆ ಹೇಳು ಹುಡುಗಂಗೆ. ಈ ಸಲ ಅರ್ಧ ಗಂಟೆ ಎಂತಕ್ಕೆ, ಒಂದಿನ ಪೂರ್ತಿ ಬಿಡ್ತೀನಿ" ಅನ್ನುತ್ತ ಸೊಂಟದ ಚೀಲ ಬಿಚ್ಚಿ, ಎಲೆ ತೊಡೆ ಮೇಲೆ ಒರೆಸಿ, ಸುಣ್ಣ ಹಚ್ಚತೊಡಗಿದಳು.