ನಕ್ಷತ್ರಕ್ಕೆ ಕಾಣದ ಚುಕ್ಕಿ

ಲಿನಕ್ಸ್ ಹೊಸದಾಗಿ ಹಾಕುವುದಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಅದು ನನ್ನ ಕಂಪ್ಯೂಟರ್ ಅನ್ನಿಸಲಿ ಎಂದು ನಿನ್ನೆ ಬೆಳಗ್ಗೆಯಿಂದ ಒದ್ದಾಡುತ್ತಿದ್ದೇನೆ, ಇನ್ನೂ ಅನ್ನಿಸಿಲ್ಲ. ಕೋಡ್‌ನ ಬದಲಾವಣೆಗಳ ಲೆಕ್ಕವಿಡುವ ಗಿಟ್‌ನ ಸ್ಟೇಟಸ್ ಆಜ್ಞೆಗೆ ನಾನಿಟ್ಟ ಮೂರಕ್ಷರದ ಅಲಿಯಾಸ್ (ಅಡ್ಡಹೆಸರು) ಒತ್ತಿದರೆ ‘ಅಂಥ ಆಜ್ಞೆ ಇಲ್ಲ’ ಎನ್ನುತ್ತದೆ. ಕಂಟ್ರೋಲ್ ಆಗಬೇಕಿದ್ದ ಕ್ಯಾಪ್ಸ್ ಲಾಕ್ ನಿಜವಾಗಿಯೂ ಕ್ಯಾಪ್ಸ್ ಲಾಕ್ ಆಗಿಯೇ ಕೂತಿದೆ. (ಅದು ಯಾರಿಗೆ ಬೇಕು ಸ್ವಾಮಿ?) ವಿಮ್ ಎಂಬ ಎಡಿಟರ್‌ನಲ್ಲಿ ಸಾಲಿನ ಸಂಖ್ಯೆಗಳೇ ಇಲ್ಲ. ಯಾರದೋ ಚಪ್ಪಲಿ ಮೆಟ್ಟಿಕೊಂಡು ನಡೆದ ಹಾಗಿದೆ.

ಆದದ್ದಿಷ್ಟು. ಹಳೆಯ ಡಿಸ್ಕ್ ಅಳಿಸುವ ಮುನ್ನ ನನ್ನ ಫೈಲುಗಳೆಲ್ಲ ಇರುವ ಹೋಮ್ ಡೈರೆಕ್ಟರಿಯಲ್ಲಿ ನಿಂತು, ಕಾಪಿ ಆಜ್ಞೆಯ ಮುಂದೆ ಒಂದು ನಕ್ಷತ್ರ (*) ಹಾಕಿ, ‘ಎಲ್ಲವನ್ನೂ’ ಪೆನ್‌ಡ್ರೈವ್‌ಗೆ ಎತ್ತಿಕೊಂಡೆ. ಚುಕ್ಕಿಯಿಂದ ಶುರುವಾಗುವ ಹೆಸರುಗಳನ್ನು ಆ ನಕ್ಷತ್ರ ಮುಟ್ಟುವುದಿಲ್ಲ. ಎಂದೂ ಓದದ ಪಿಡಿಎಫ್‌ಗಳೆಲ್ಲ ಕ್ಷೇಮವಾಗಿ ಬಂದಿವೆ. ಹೆಸರಿನ ಮುಂದೆ ಚುಕ್ಕಿ ಇದ್ದ ನನ್ನ ಸೆಟ್ಟಿಂಗ್ ಫೈಲುಗಳಾದ ಬ್ಯಾಶ್‌ಆರ್‌ಸಿ, ವಿಮ್‌ಆರ್‌ಸಿ, ಗಿಟ್‌ಕಾನ್ಫಿಗ್ ಮೂರೂ ಹೋದವು. ವರ್ಷಗಟ್ಟಲೆ ಒಂದೊಂದೇ ಸಾಲು ಸೇರಿಸಿ ಸಾಕಿದ್ದವು.

ಅಷ್ಟಕ್ಕೂ ಈ ಚುಕ್ಕಿಯ ಹಿಂದೆ ದೊಡ್ಡ ಯೋಚನೆಯೇನೂ ಇರಲಿಲ್ಲ. ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸ್‌ನಲ್ಲಿದ್ದ ರಾಬ್ ಪೈಕ್ 2012ರಲ್ಲಿ ಬರೆದಿದ್ದರು: ಪ್ರತಿ ಡೈರೆಕ್ಟರಿಯಲ್ಲಿರುವ ಒಂಟಿ ಚುಕ್ಕಿ (ಇದೇ ಡೈರೆಕ್ಟರಿ), ಜೋಡಿ ಚುಕ್ಕಿ (ಮೇಲಿನ ಡೈರೆಕ್ಟರಿ) ಎಂಬ ಎರಡು ನಮೂದುಗಳನ್ನು ಪಟ್ಟಿಯಲ್ಲಿ ತೋರಿಸದಿರಲು, ಪೂರ್ತಿ ಹೆಸರು ನೋಡುವ ಬದಲು ಮೊದಲ ಅಕ್ಷರ ಚುಕ್ಕಿಯೇ ಎಂದಷ್ಟೇ ನೋಡಿ ಬಿಟ್ಟರಂತೆ. ಯಾರದೋ ಅವಸರದ ಒಂದು ಸಾಲು, ಚುಕ್ಕಿಯಿಂದ ಶುರುವಾಗುವ ಹೆಸರೆಲ್ಲ ಮರೆಯಾಯಿತು. ಅದರ ಮರೆಯಲ್ಲಿ ಇಂದು ಸಿಕ್ಕ ಸಿಕ್ಕ ತಂತ್ರಾಂಶವೆಲ್ಲ ಬಂದು ಮುದುಡಿ ಕೂರುತ್ತದೆ. ತಂತ್ರಾಂಶಗಳ ಸೆಟ್ಟಿಂಗ್ ಎಲ್ಲವೂ ಒಂದೇ ಕಡೆ ಇರಲಿ ಎಂದು 2003ರಲ್ಲಿ ಎಕ್ಸ್‌ಡಿಜಿ ನಿಯಮ ಮಾಡಿ ಕಾನ್ಫಿಗ್ ಎಂಬ ಡೈರೆಕ್ಟರಿ ಕೊಟ್ಟರು. ಅದರ ಹೆಸರಿನ ಮುಂದೆಯೂ ಚುಕ್ಕಿ!

‘ಹೊಸಬರು ತಿಳಿಯದೆ ಅಳಿಸಿಬಿಡಬಾರದೆಂದು ಅಡಗಿಸಿರುವುದು’ ಎಂದು ಒಬ್ಬ ಗೆಳೆಯ ಸಮಜಾಯಿಷಿ ಕೊಟ್ಟ. ಇರಬಹುದು. ನಾನು ಹಳಬ, ಅಳಿಸಿದೆನಲ್ಲ. ಕಾಣದ್ದನ್ನು ಕಾಪಾಡುವವರು ಯಾರು?

ಸರಿ, ನಿಜ ಹೇಳಿಬಿಡುತ್ತೇನೆ. ನಕ್ಷತ್ರದ ಈ ಗುಣ ನನಗೆ ಗೊತ್ತಿತ್ತು. ಕಿರಿಯ ಸಹೋದ್ಯೋಗಿಗಳಿಗೆ ಪಾಠ ಮಾಡಿದ್ದೇನೆ, ‘ಡಾಟ್‌ಫೈಲ್‌ಗಳನ್ನು (ಈ ಚುಕ್ಕಿ ಫೈಲುಗಳನ್ನು) ಗಿಟ್‌ನಲ್ಲಿಡಿ, ಸ್ಟೋ ಎಂಬ ಸಾಧನ ಬಳಸಿ ಸಿಮ್‌ಲಿಂಕ್ (ಕೊಂಡಿ) ಮಾಡಿ’ ಎಂದು ಉಪದೇಶವನ್ನೂ ಕೊಟ್ಟಿದ್ದೇನೆ. ನನ್ನ ರೆಪಾಸಿಟರಿ (ಗಿಟ್‌ನ ಸಂಗ್ರಹ) ತೆರೆದರೆ ಅದರಲ್ಲಿ ಇರುವುದು ಒಂದೇ ಕಮಿಟ್ (ದಾಖಲಾದ ಬದಲಾವಣೆ), ಒಂದೇ ಫೈಲು: ರೀಡ್‌ಮಿ. ಅದರ ಹೆಸರಿನ ಮುಂದೆ ಚುಕ್ಕಿ ಇಲ್ಲ, ನೋಡಿ.

ಹಿಂದೊಮ್ಮೆ ನನ್ನ ವಿಮ್‌ಆರ್‌ಸಿ ಕೇಳಿ ಪಡೆದವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಅದನ್ನು ನನಗೆ ಕಳಿಸಿಕೊಡಿ. ಕಾಪಿ ಮಾಡುವಾಗ ನಕ್ಷತ್ರ ಹಾಕಬೇಡಿ.