ಸನ್ನಡತೆ ಅಂದ್ರೆ ಬಿಟ್ಟಿ ಬಿಡುಗಡೆ ಅಲ್ಲ

‘ಸನ್ನಡತೆ ಆಧಾರದ ಮೇಲೆ ಬಿಡುಗಡೆ’ ಅಂತ ಸುದ್ದಿ ಬಂದರೆ ಸಾಕು, ಜನ ಸಿಟ್ಟಾಗುತ್ತಾರೆ. ಸಂತ್ರಸ್ತರ ಮನೆಯವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಯಾರೋ ಅಧಿಕಾರಿಯ ಮನಸ್ಸು ಕರಗಿ ಬಾಗಿಲು ತೆಗೆದರು ಅಂದುಕೊಳ್ಳುತ್ತೇವಲ್ಲ, ಅದು ತಪ್ಪು. ಬಹಳಷ್ಟು ಕಡೆ ಅದೊಂದು ಲೆಕ್ಕ: ಜೈಲಿನ ನಿಯಮ ಮೀರದೆ ಇದ್ದರೆ ಶಿಕ್ಷೆಯಲ್ಲಿ ಇಷ್ಟು ದಿನ ಕಡಿತ ಅಂತ.

ಅಮೆರಿಕದ ಫೆಡರಲ್, ಅಂದ್ರೆ ಕೇಂದ್ರ ಸರ್ಕಾರದ ಜೈಲುಗಳನ್ನೇ ನೋಡಿ. ಒಂದು ವರ್ಷಕ್ಕಿಂತ ಜಾಸ್ತಿ ಶಿಕ್ಷೆಯಾದವರಿಗೆ ಪ್ರತಿ ವರ್ಷಕ್ಕೆ 54 ದಿನದವರೆಗೆ ಕಡಿತ ಸಿಗುತ್ತದೆ. ಹತ್ತು ವರ್ಷ ಬಿದ್ದವನಿಗೆ 540 ದಿನ. ಇದೊಂದನ್ನೇ ಹಿಡಿದರೆ, ಒಂದೇ ಒಂದು ಗಲಾಟೆ ಮಾಡದವನೂ ಎಂಟೂವರೆ ವರ್ಷ ಒಳಗಿರಬೇಕು. ಜೀವಾವಧಿ ಆದವನಿಗೆ ಈ ಕಡಿತವೇ ಇಲ್ಲ. ಮೊದಲು ಕೋರ್ಟ್ ಕೊಟ್ಟ ವರ್ಷಗಳ ಬದಲು ನಿಜವಾಗಿ ಕಳೆದ ದಿನಗಳಿಗೆ ಲೆಕ್ಕ ಹಾಕುತ್ತಿದ್ದರು, ಹಾಗಾಗಿ ಸುಮಾರು 47 ದಿನವಷ್ಟೇ ಸಿಗುತ್ತಿತ್ತು. 2018ರ ಕಾನೂನು ಅದನ್ನು ಸರಿಮಾಡಿತು. ವರ್ಷಕ್ಕೆ ಏಳು ದಿನ ನಮಗೇನೂ ಅನ್ನಿಸದು. ಗೋಡೆಯೊಳಗೆ ಇರುವವನಿಗೆ ಹತ್ತು ವರ್ಷಕ್ಕೆ ಅದು ಎರಡು ತಿಂಗಳ ಮೇಲಾಗುತ್ತದೆ.

ಭಾರತದಲ್ಲಿ ‘ಜೀವಾವಧಿ ಅಂದ್ರೆ 14 ವರ್ಷ, ಹಗಲು ರಾತ್ರಿ ಬೇರೆ ಬೇರೆ ಎಣಿಸಿದರೆ ಏಳೇ’ ಅನ್ನುವ ಮಾತಿದೆ. ಎರಡೂ ಸುಳ್ಳು. ಜೀವಾವಧಿ ಅಂದರೆ ಬದುಕಿರುವವರೆಗೆ. ಕೊಲೆಯಂಥ ಅಪರಾಧದಲ್ಲಿ ಸರ್ಕಾರ ಶಿಕ್ಷೆ ಕಡಿಮೆ ಮಾಡಿದರೂ 14 ವರ್ಷ ಮುಗಿಯುವ ಮೊದಲು ಬಿಡುವಂತಿಲ್ಲ. ಮುಗಿದ ಮೇಲೂ ಬಿಡುಗಡೆ ಅವನ ಹಕ್ಕಲ್ಲ.

ಇಷ್ಟಾದರೂ ಈ ಕಡಿತ ಇರಲೇಬೇಕು ಅಂತ ನಾನು ಹೇಳುತ್ತೇನೆ. ಜೈಲಿನ ಊಟದ ಸಾಲಿನಲ್ಲಿ ನಿಂತ ಒಬ್ಬ ಕೈದಿಯನ್ನು ನೆನೆಸಿಕೊಳ್ಳಿ. ಹಿಂದಿನವನು ಬೇಕಂತಲೇ ತಳ್ಳುತ್ತಾನೆ, ತಟ್ಟೆ ಚೆಲ್ಲುತ್ತದೆ, ಎಲ್ಲರೂ ನೋಡುತ್ತಾರೆ. ಹೊಡೆದರೆ ವಿಚಾರಣೆ, ಕೂಡಿಟ್ಟ ದಿನಗಳು ಕೈಬಿಡುತ್ತವೆ. ಅವನು ಸುಮ್ನೆ ಬಗ್ಗಿ ತಟ್ಟೆ ಎತ್ತಿಕೊಳ್ಳುತ್ತಾನೆ. ಕಳೆದುಕೊಳ್ಳಲು ಏನೂ ಇಲ್ಲದವನು ಯಾಕೆ ಬಗ್ಗುತ್ತಾನೆ ಹೇಳಿ? ಅದರಿಂದ ಕಾವಲುಗಾರನಿಗೂ ರಕ್ಷಣೆ, ಅಲ್ವಾ?

1840ರಲ್ಲೇ ಆಸ್ಟ್ರೇಲಿಯಾದ ಪೂರ್ವಕ್ಕಿರುವ, ಬ್ರಿಟಿಷರು ಕೈದಿಗಳನ್ನು ಇಡುತ್ತಿದ್ದ ನಾರ್ಫೋಕ್ ದ್ವೀಪದಲ್ಲಿ, ಅಲ್ಲಿನ ಮುಖ್ಯಸ್ಥ ಅಲೆಕ್ಸಾಂಡರ್ ಮೆಕಾನಕಿ ಕೈದಿಗಳಿಗೆ ಕೆಲಸ, ನಡತೆ ನೋಡಿ ಅಂಕ ಕೊಡಲು ಶುರು ಮಾಡಿದ್ದರು. ಬಿಡುಗಡೆಯ ಒಂದು ತುದಿಯಾದರೂ ಕೈದಿಯ ಕೈಯಲ್ಲಿರಲಿ ಅನ್ನುವುದು ಅವರ ಲೆಕ್ಕ.

ಬಾಯಿ ಮುಚ್ಚಿಕೊಂಡು ಇದ್ದವನೆಲ್ಲ ಬದಲಾಗಿದ್ದಾನೆ ಅಂತಲ್ಲ, ಅದೂ ನಿಜ. ನನಗೆ ಅದಕ್ಕಿಂತ ಜಾಸ್ತಿ ನೋವಾಗುವುದು ಸಂತ್ರಸ್ತರ ಮನೆಯವರಿಗೆ ಇದನ್ನು ಯಾರೂ ಬಿಡಿಸಿ ಹೇಳದಿರುವುದು. ‘ಹತ್ತು ವರ್ಷ’ ಅಂತ ಕೇಳಿಕೊಂಡು ಮನೆಗೆ ಹೋದವರು, ಒಂದು ದಿನ ಅವನನ್ನು ರಸ್ತೆಯಲ್ಲಿ ನೋಡಿ ಬೆಚ್ಚಿಬೀಳಬಾರದು. ಕಡಿತದ ಲೆಕ್ಕ ಇರುವ ಕಡೆಯಲ್ಲೆಲ್ಲ ತೀರ್ಪಿನ ದಿನವೇ, ಅದೇ ಕೋರ್ಟಿನಲ್ಲಿ, ಅವರನ್ನು ಕೂರಿಸಿಕೊಂಡು ಎರಡೂ ತಾರೀಖು ಹೇಳಿ ಕಳಿಸಲಿ: ಶಿಕ್ಷೆ ಪೂರ್ತಿ ಮುಗಿಯುವ ದಿನ, ಕಡಿತ ಸಿಕ್ಕರೆ ಅವನು ಹೊರಬರುವ ದಿನ.