ಪೆಟ್ರೋಲ್ ಏರಿದ್ರೆ ಇವಿ ಆಸೆ ಏರುತ್ತೆ, ಸರಿ. ತಗೊಳ್ಳೋ ದುಡ್ಡು?

ಪೆಟ್ರೋಲ್ ರೇಟು ಏರಿದಾಗೆಲ್ಲ ಒಂದು ಮಾತು ಶುರುವಾಗುತ್ತೆ, "ಇನ್ನು ಎಲ್ರೂ ಎಲೆಕ್ಟ್ರಿಕ್ ಕಾರಿಗೆ, ಅಂದ್ರೆ ಇವಿಗೆ, ಹೋಗ್ತಾರೆ ಬಿಡಿ" ಅಂತ. ನ್ಯೂಸಲ್ಲೂ ಅದೇ, ಆಫೀಸಲ್ಲೂ ಅದೇ, ಫ್ಯಾಮಿಲಿ ಗ್ರೂಪಲ್ಲೂ ಅದೇ. ನಂಗೆ ಈ ಮಾತು ಅರ್ಧ ನಿಜ ಅನ್ಸುತ್ತೆ, ಇನ್ನರ್ಧನ ಯಾರೂ ಬಾಯಿ ಬಿಟ್ಟು ಹೇಳಲ್ಲ. ಪೆಟ್ರೋಲ್ ಏರಿದ್ರೆ ಇವಿ ಮೇಲೆ ಆಸೆ ಹುಟ್ಟುತ್ತೆ, ಒಪ್ಪಿದೆ. ಆದ್ರೆ ಪೆಟ್ರೋಲ್ ಒಂದೇ ಏರಲ್ವಲ್ಲ ಸ್ವಾಮಿ, ಅದರ ಹಿಂದೇನೇ ದಿನಸಿ, ಬಾಡಿಗೆ, ಸ್ಕೂಲ್ ಫೀಸು, ಇನ್ಶೂರೆನ್ಸು ಎಲ್ಲಾ ಏರುತ್ತೆ, ಬೆಲೆ ಏರಿಕೆ ತಡೀಬೇಕು ಅಂತ ಬ್ಯಾಂಕುಗಳು ಬಡ್ಡಿ ಏರಿಸ್ತವೆ, ಕೊನೆಗೆ ನೋಡಿದ್ರೆ ಇವಿ ತಗೋಬೇಕು ಅನ್ನೋ ಆಸೆ ಹುಟ್ಸಿದ ಕಾಲಾನೇ ಅದನ್ನ ತಗೊಳ್ಳೋ ದುಡ್ಡನ್ನೂ ಜೇಬಿಂದ ಕಿತ್ಕೊಂಡಿರುತ್ತೆ.

ಮೊದ್ಲು ಓಡಿಸೋ ಖರ್ಚಿನ ಲೆಕ್ಕ ಮುಗ್ಸೋಣ, ಯಾಕಂದ್ರೆ ಅದ್ರಲ್ಲಿ ಜಗಳಕ್ಕೆ ಜಾಸ್ತಿ ಜಾಗ ಇಲ್ಲ. ಒಂದು ಲೀಟರ್ ಪೆಟ್ರೋಲಲ್ಲಿ ಸುಮಾರು 9 ಯೂನಿಟ್ ಕರೆಂಟಿನಷ್ಟು ಶಕ್ತಿ ಇರುತ್ತೆ. ಮಾಮೂಲಿ ಕಾರು ಅದ್ರಲ್ಲಿ 15 ಕಿಲೋಮೀಟರ್ ಹೋಗುತ್ತೆ ಅಂದ್ಕೊಳ್ಳಿ, ಅದೇ ದೂರಕ್ಕೆ ಎಲೆಕ್ಟ್ರಿಕ್ ಕಾರಿಗೆ ಎರಡೂವರೆ ಯೂನಿಟ್ ಆಸುಪಾಸು ಸಾಕು. ಉಳಿದಿದ್ದೆಲ್ಲ ಎಲ್ಲೋಯ್ತು ಅಂದ್ರೆ ಪೆಟ್ರೋಲ್ ಇಂಜಿನ್ನಲ್ಲಿ ಬಹುಪಾಲು ಶಕ್ತಿ ಬಿಸಿಯಾಗಿ ರೇಡಿಯೇಟರಲ್ಲಿ, ಸೈಲೆನ್ಸರಲ್ಲಿ ಆಚೆ ಹೋಗುತ್ತೆ, ಚಕ್ರಕ್ಕೆ ಸಿಗೋದು ಕಾಲು ಭಾಗ, ತುಂಬಾ ಅಂದ್ರೆ ಮೂರನೇ ಒಂದು ಭಾಗ. ಹಾಗಾಗಿ ಯಾವ ದೇಶದಲ್ಲಿರಲಿ, ಯಾವ ನೋಟಲ್ಲಿ ದುಡ್ಡು ಕೊಡ್ತಿರಲಿ, ಸುಲಭದ ಸೂತ್ರ ಒಂದಿದೆ: ಒಂದು ಲೀಟರ್ ಪೆಟ್ರೋಲ್ ರೇಟು ಒಂದು ಯೂನಿಟ್ ಕರೆಂಟ್ ರೇಟಿನ ಎರಡೂವರೆ ಪಟ್ಟು ದಾಟಿದ್ರೆ ಓಡಿಸೋ ಖರ್ಚಲ್ಲಿ ಇವಿ ಕಡಿಮೆ. ಮನೇಲಿ ಚಾರ್ಜ್ ಮಾಡೋರಿಗೆ ಸಾಮಾನ್ಯವಾಗಿ ಈ ಗೆರೆ ಆರಾಮಾಗಿ ದಾಟಿರುತ್ತೆ. ಹೊರಗಡೆ ಫಾಸ್ಟ್ ಚಾರ್ಜರಲ್ಲಿ ಹಾಕೋರಿಗೆ? ಅಲ್ಲಿ ಯೂನಿಟ್ ರೇಟು ಮನೆಗಿಂತ ಎರಡು ಮೂರು ಪಟ್ಟು ಇರೋದುಂಟು, ಆಗ ಲಾಭ ಸಣ್ಣದಾಗುತ್ತೆ, ಕೆಲವು ಸಲ ಇರೋದೇ ಇಲ್ಲ.

ಇಲ್ಲೇ ನನ್ನ ತಕರಾರು ಇರೋದು. ಮನೇಲಿ ಚಾರ್ಜ್ ಮಾಡೋರು ಯಾರು? ಸ್ವಂತ ಮನೆ, ಸ್ವಂತ ಪಾರ್ಕಿಂಗ್, ಗೋಡೆಗೊಂದು ಪಾಯಿಂಟ್ ಹಾಕಿಸ್ಕೊಳ್ಳೋಕೆ ಯಾರ ಪರ್ಮಿಷನ್ನೂ ಬೇಡದಿರೋರು. ಬೆಲೆ ಏರಿಕೆಯಿಂದ ನಿಜವಾಗ್ಲೂ ಒದ್ದಾಡ್ತಿರೋರು ಬಾಡಿಗೆ ಮನೇಲಿರ್ತಾರೆ, ರೋಡಲ್ಲಿ ಗಾಡಿ ನಿಲ್ಲಿಸ್ತಾರೆ, ಊರಾಚೆ ಬಾಡಿಗೆ ಕಡಿಮೆ ಅಂತ ಹೋಗಿ ದಿನಾ ದೂರ ಓಡಾಡ್ತಾರೆ. ಅವ್ರಿಗೆ ಪೆಟ್ರೋಲ್ ಏರಿಕೆ ಜಾಸ್ತಿ ತಟ್ಟುತ್ತೆ, ಇವಿಯಿಂದ ಉಳಿತಾಯಾನೂ ಅವ್ರಿಗೇ ಜಾಸ್ತಿ ಆಗ್ಬೇಕಿತ್ತು, ಆದ್ರೆ ಹೊರಗಿನ ದುಬಾರಿ ಚಾರ್ಜರೇ ಅವ್ರಿಗೆ ಗತಿ. ಉಳಿತಾಯದ ಅವಶ್ಯಕತೆ ಒಬ್ರಿಗೆ, ಉಳಿತಾಯ ಇನ್ನೊಬ್ರಿಗೆ. ಇದನ್ನ ಬಿಟ್ಟು "ಜನಕ್ಕೆ ಇನ್ನೂ ತಿಳುವಳಿಕೆ ಬಂದಿಲ್ಲ" ಅಂತ ಟಿವಿಲಿ ಕೂತು ಹೇಳೋರನ್ನ ನೋಡಿದ್ರೆ ನಂಗೆ ಮೈಯೆಲ್ಲಾ ಉರಿಯುತ್ತೆ.

ಇನ್ನು ಎಷ್ಟು ಓಡಿಸ್ತೀವಿ ಅನ್ನೋದು. ತಿಂಗಳಿಗೆ 500 ಕಿಲೋಮೀಟರ್ ಓಡಿಸೋರಿಗೆ 33 ಲೀಟರ್ ಸಾಕು, ಪೆಟ್ರೋಲ್ ಶೇಕಡಾ 10 ಏರಿದ್ರೆ ಅವ್ರಿಗೆ ಬೀಳೋ ಹೊರೆ ತಿಂಗಳಿಗೆ ಮೂರು ಚಿಲ್ಲರೆ ಲೀಟರಿನ ದುಡ್ಡು, ವರ್ಷಕ್ಕೆ ಹೆಚ್ಚುಕಮ್ಮಿ 40 ಲೀಟರ್. ಅಷ್ಟಕ್ಕೆ ಹೊಸ ಕಾರಿನ ಸಾಲ ಮೈಮೇಲೆ ಎಳ್ಕೊಳ್ಳೋದು ಮಳೆ ಬಂತು ಅಂತ ಛತ್ರಿ ಬದ್ಲು ಮನೇನೇ ಕೊಂಡ ಹಾಗೆ. ಅದೇ 2500 ಕಿಲೋಮೀಟರ್ ಓಡಿಸೋ ಟ್ಯಾಕ್ಸಿಯವ್ರಿಗೆ, ಸೇಲ್ಸಲ್ಲಿರೋರಿಗೆ ಅದೇ ಏರಿಕೆ ವರ್ಷಕ್ಕೆ 200 ಲೀಟರಿನ ದುಡ್ಡು, ಅವ್ರು ಕೂತು ಲೆಕ್ಕ ಹಾಕೋದ್ರಲ್ಲಿ ಅರ್ಥ ಇದೆ. ಆದ್ರೆ ಬಂಕಲ್ಲಿ ಬೋರ್ಡ್ ನೋಡಿ ಬೈಯೋದ್ರಲ್ಲಿ ಇಬ್ರೂ ಒಂದೇ, ಸರ್ವೆಯವ್ರು ಬಂದು "ಇವಿ ತಗೊಳ್ತೀರಾ" ಅಂತ ಕೇಳಿದ್ರೆ ಇಬ್ರೂ ಹೂಂ ಅಂತಾರೆ.

ಬೋರ್ಡ್ ಅಂದೆ ನೋಡಿ, ಅದೇ ಒಂದು ತಮಾಷೆ. ಪೆಟ್ರೋಲ್ ರೇಟನ್ನ ದೊಡ್ಡ ಅಕ್ಷರದಲ್ಲಿ ರೋಡ್ ಪಕ್ಕ ಬರೆದಿರ್ತಾರೆ, ಗಾಡಿ ಇಲ್ಲದೋರಿಗೂ ಗೊತ್ತಿರುತ್ತೆ. ಕರೆಂಟ್ ಯೂನಿಟ್ ರೇಟು ಎಷ್ಟು ಅಂತ ಬಿಲ್ ಕಟ್ಟೋರನ್ನೇ ಕೇಳಿ, ತಡವರಿಸ್ತಾರೆ. ಅಮೆರಿಕಾದ ಕ್ಯಾಲಿಫೋರ್ನಿಯಾದಲ್ಲಿ ಅರ್ಥಶಾಸ್ತ್ರಜ್ಞರು ಇದನ್ನ ಅಳೆದು 2022ರಲ್ಲಿ ಒಂದು ಅಧ್ಯಯನ ಹೊರಗೆ ತಂದ್ರು, ಇವಿ ಬೇಡಿಕೆ ಮೇಲೆ ಪೆಟ್ರೋಲ್ ರೇಟಿನ ಪರಿಣಾಮ ಕರೆಂಟ್ ರೇಟಿನ ಪರಿಣಾಮಕ್ಕಿಂತ ನಾಲ್ಕರಿಂದ ಆರು ಪಟ್ಟು ಜಾಸ್ತಿ ಅಂತ. ಅಂದ್ರೆ ಜನ ಅರ್ಧ ಲೆಕ್ಕ ನೋಡಿ ಕಾರು ಆರಿಸ್ತಿದ್ದಾರೆ. ಅದೇ 2022ರಲ್ಲೇ ಉಕ್ರೇನ್ ಯುದ್ಧ ಶುರುವಾಗಿ ಯುರೋಪಲ್ಲಿ ನ್ಯಾಚುರಲ್ ಗ್ಯಾಸ್ ರೇಟು ಆಕಾಶಕ್ಕೆ ಹೋಯ್ತು, ಅಲ್ಲಿ ಕರೆಂಟ್ ಮಾರ್ಕೆಟಲ್ಲಿ ಆ ಹೊತ್ತಿಗೆ ಬೇಕಾದ ಎಲ್ಲಕ್ಕಿಂತ ದುಬಾರಿ ಪವರ್ ಪ್ಲಾಂಟಿನ ರೇಟೇ ಎಲ್ಲರ ರೇಟು, ಬಹಳ ಹೊತ್ತು ಅದು ಗ್ಯಾಸ್ ಪ್ಲಾಂಟೇ ಆಗಿರುತ್ತೆ, ಹಾಗಾಗಿ ಕರೆಂಟೂ ಜೊತೆಗೇ ಏರ್ತು. ಪೆಟ್ರೋಲಿಂದ ತಪ್ಪಿಸ್ಕೊಂಡು ಇವಿಗೆ ಬಂದೆ ಅಂದ್ಕೊಂಡೋರಿಗೆ ಅಲ್ಲೂ ಬಿಲ್ಲು ಕಾಯ್ತಿತ್ತು. ಇಂಥ ವರ್ಷದಲ್ಲೂ ಬಚಾವಾಗಿದ್ದು ಯಾರು ಅಂದ್ರೆ ಛಾವಣಿ ಮೇಲೆ ಸೋಲಾರ್ ಹಾಕಿಸ್ಕೊಂಡೋರು, ಮತ್ತೆ ಅದೇ ಸ್ವಂತ ಮನೆಯೋರು.

ಹಳೇ ಕಥೆ ಬೇಕಾದ್ರೆ ಕೇಳಿ. 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದಾಗ ಅಮೆರಿಕಾದಲ್ಲಿ ಬಂಕ್ ಮುಂದೆ ಮೈಲುದ್ದ ಕ್ಯೂ, ಮಾರನೇ ವರ್ಷ ಸಿಟಿಕಾರ್ ಅಂತ ಒಂದು ಪುಟ್ಟ ಎಲೆಕ್ಟ್ರಿಕ್ ಗಾಡಿ ಬಂತು, 1976ರಲ್ಲಿ ಎಲೆಕ್ಟ್ರಿಕ್ ಗಾಡಿಗಳ ಸಂಶೋಧನೆಗೆ ಅಂತಲೇ ಅಲ್ಲಿ ಕಾಯ್ದೆನೂ ಆಯ್ತು. 1986ರಲ್ಲಿ ಎಣ್ಣೆ ರೇಟು ಕುಸಿದು ಬಿತ್ತು, ಎಲ್ರೂ ಮರೆತ್ರು. ಬರೀ ಪೆಟ್ರೋಲ್ ರೇಟು ನಂಬ್ಕೊಂಡು ಹುಟ್ಟೋ ಆಸೆ ಹಾಗೇನೇ, ರೇಟು ಇಳಿದ ದಿನ ಅದೂ ಇಳಿಯುತ್ತೆ.

ಈ ಸಲ ಬೇರೆ ಯಾಕೆ ಅಂದ್ರೆ ಬ್ಯಾಟರಿ. ಬ್ಲೂಮ್‌ಬರ್ಗ್‌ಎನ್‌ಇಎಫ್ ಅನ್ನೋ ಇಂಧನ ಸಂಶೋಧನಾ ಸಂಸ್ಥೆಯೋರ ಲೆಕ್ಕದಲ್ಲಿ 2010ರಲ್ಲಿ ಒಂದು ಯೂನಿಟ್ ಕರೆಂಟ್ ಹಿಡಿಸೋ ಬ್ಯಾಟರಿ ಪ್ಯಾಕಿಗೆ 1000 ಡಾಲರ್ ಮೇಲಿತ್ತು, 2024ಕ್ಕೆ 115 ಡಾಲರ್ ಹತ್ರ ಬಂದಿದೆ. ಆದ್ರೆ ಇದ್ರಲ್ಲೂ ಒಂದು ವ್ಯಂಗ್ಯ ಇದೆ, ವರ್ಷ ವರ್ಷ ಇಳೀತಿದ್ದ ಆ ರೇಟು ಅವ್ರ ಸರ್ವೇಲಿ ಮೊದಲ ಸಲ ಏರಿದ್ದು ಯಾವಾಗ ಗೊತ್ತಾ, ಅದೇ 2022ರಲ್ಲಿ, ಪೆಟ್ರೋಲ್ ಉರೀತಿದ್ದ ವರ್ಷ, ಲಿಥಿಯಮ್ ದುಬಾರಿಯಾಗಿ. ಆಸೆ ಜಾಸ್ತಿ ಇದ್ದ ವರ್ಷವೇ ಬ್ಯಾಟರಿನೂ ದುಬಾರಿ.

ಆಮೇಲೆ ಬಡ್ಡಿ. ಅಮೆರಿಕಾದ ಕೇಂದ್ರ ಬ್ಯಾಂಕು ಫೆಡರಲ್ ರಿಸರ್ವ್ 2022ರ ಮಾರ್ಚಲ್ಲಿ ಸೊನ್ನೆ ಹತ್ರ ಇದ್ದ ಬಡ್ಡಿನ 2023ರ ಜುಲೈ ಹೊತ್ತಿಗೆ ಶೇಕಡಾ 5.25ರಿಂದ 5.5ರ ಮಟ್ಟಕ್ಕೆ ತಗೊಂಡೋಯ್ತು, ಬೇರೆ ಕಡೆಯೋರೂ ಅದೇ ದಾರಿ ಹಿಡಿದ್ರು. ಕಾರ್ ಲೋನಲ್ಲಿ ಇದೇನು ಮಾಡುತ್ತೆ ನೋಡಿ. ಐದು ವರ್ಷದ ಸಾಲ ಶೇಕಡಾ 8ರಲ್ಲಿ ತಗೊಂಡ್ರೆ ಪ್ರತಿ 100ಕ್ಕೆ ಒಟ್ಟು ಸುಮಾರು 22 ಬಡ್ಡಿ ಕಟ್ತೀರಿ, ಶೇಕಡಾ 11 ಆದ್ರೆ ಅದು 30 ದಾಟುತ್ತೆ. ಇವಿ ಅಂದ್ರೆ ಮೊದಲೇ ಜಾಸ್ತಿ ಕೊಟ್ಟು ಆಮೇಲೆ ನಿಧಾನಕ್ಕೆ ಉಳಿಸ್ಕೊಳ್ಳೋ ವ್ಯವಹಾರ, ಮುಂದಿನ ಐದಾರು ವರ್ಷದ ಇಂಧನನ ಇವತ್ತೇ ಸಾಲ ಮಾಡಿ ಕೊಂಡ ಹಾಗಾಯ್ತು, ಹಾಗಾಗಿ ಬಡ್ಡಿ ಏರಿದ್ರೆ ಪೆಟ್ರೋಲ್ ಕಾರಿಗಿಂತ ಇವಿಗೆ ಪೆಟ್ಟು ಜಾಸ್ತಿ. ಜನಕ್ಕೆ ಈ ಲೆಕ್ಕ ಕಾಗದದ ಮೇಲೆ ಬರ್ದೇ ಇದ್ರೂ ಶೋರೂಮಲ್ಲಿ ಇಎಂಐ ಹೇಳಿದ ತಕ್ಷಣ ಅರ್ಥ ಆಗುತ್ತೆ, "ಯೋಚ್ನೆ ಮಾಡಿ ಹೇಳ್ತೀವಿ" ಅಂತ ಎದ್ದು ಬರ್ತಾರೆ.

ತಗೊಳ್ಳೋ ದಿನದ ಬೆಲೆನೇ ಎಲ್ಲಕ್ಕಿಂತ ದೊಡ್ಡದು ಅಂತ ನಾನು ಹೇಳೋದಕ್ಕೆ ಜರ್ಮನಿ ಸಾಕ್ಷಿ. 2023ರ ಡಿಸೆಂಬರಲ್ಲಿ ಅಲ್ಲಿನ ಸರ್ಕಾರ ಬಜೆಟ್ ಬಿಕ್ಕಟ್ಟು ಅಂತ ಇವಿ ಸಬ್ಸಿಡಿನ ಹೇಳದೆ ಕೇಳದೆ ನಿಲ್ಲಿಸ್ಬಿಡ್ತು, 2024ರಲ್ಲಿ ಅಲ್ಲಿ ಹೊಸ ಎಲೆಕ್ಟ್ರಿಕ್ ಕಾರುಗಳ ನೋಂದಣಿ ಶೇಕಡಾ 27ರಷ್ಟು ಬಿತ್ತು. ಆ ವರ್ಷ ಅಲ್ಲಿ ಪೆಟ್ರೋಲೇನು ಪುಕ್ಕಟೆ ಆಗಿರ್ಲಿಲ್ಲ. ನಾರ್ವೇಲಿ ಉಲ್ಟಾ, ಅಲ್ಲಿ 1990ರ ದಶಕದಿಂದಲೇ ಇವಿಗೆ ತೆರಿಗೆ ವಿನಾಯ್ತಿ ಕೊಡ್ತಾ ಬಂದ್ರು, ಪೆಟ್ರೋಲ್ ಕಾರಿಗೆ ಭಾರಿ ತೆರಿಗೆ, ಶೋರೂಮಲ್ಲೇ ಎರಡರ ಬೆಲೆನೂ ಹತ್ರ ಹತ್ರ ಬಂತು, 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರಲ್ಲಿ ಹತ್ರಹತ್ರ 10ಕ್ಕೆ 9 ಎಲೆಕ್ಟ್ರಿಕ್. ಜಲವಿದ್ಯುತ್ತಿನ ಅಗ್ಗದ ಕರೆಂಟೂ ಕೈ ಹಿಡೀತು, ಇಲ್ಲ ಅನ್ನಲ್ಲ, ಆದ್ರೆ ಕರೆಂಟ್ ಅಗ್ಗ ಇದ್ದ ಮಾತ್ರಕ್ಕೆ ಯಾರೂ ಡಬಲ್ ದುಡ್ಡು ಕೊಟ್ಟು ಕಾರು ತರಲ್ಲ.

ಹಾಗಾದ್ರೆ ದುಡ್ಡು ಬಿಗಿ ಇರೋರಿಗೆ ಇವಿ ಕನಸೇನಾ? ನಂಗೆ ಹಾಗನ್ಸಲ್ಲ, ಅವ್ರ ದಾರಿ ಸೆಕೆಂಡ್ ಹ್ಯಾಂಡ್ ಮಾರ್ಕೆಟಲ್ಲಿದೆ, ಅದ್ರ ಬಗ್ಗೆ ಮಾತಾಡೋರು ಕಡಿಮೆ. 2023ರ ಜನವರಿಲಿ ಟೆಸ್ಲಾ ಹೊಸ ಕಾರುಗಳ ಬೆಲೆ ಜೋರಾಗಿ ಇಳಿಸ್ತು, ಹಳೇ ಇವಿಗಳ ರೇಟೂ ಅದರ ಜೊತೆ ಉರುಳ್ತು. 2024ರ ಜನವರಿಲಿ ಹರ್ಟ್ಸ್ ಅನ್ನೋ ಬಾಡಿಗೆ ಕಾರಿನ ಕಂಪನಿ ಅಮೆರಿಕಾದಲ್ಲಿದ್ದ ಸುಮಾರು 20,000 ಇವಿಗಳನ್ನ ಮಾರ್ತೀವಿ ಅಂತ ಹೇಳ್ತು. ಹೊಸದು ತಗೊಂಡೋರಿಗೆ ಇದು ಹೊಟ್ಟೆ ಉರಿ, ಕಾಯ್ತಾ ಕೂತೋರಿಗೆ ಅವಕಾಶ. ಮೂರ್ನಾಲ್ಕು ವರ್ಷದ ಇವಿಗೆ ಇಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ, ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಮೋಟರೇ ಗಾಡಿನ ನಿಧಾನ ಮಾಡೋದ್ರಿಂದ ಬ್ರೇಕ್ ಪ್ಯಾಡ್ ಸವೆಯೋದೂ ಕಡಿಮೆ. ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಇಲ್ಲಾ 1,60,000 ಕಿಲೋಮೀಟರ್ ವಾರಂಟಿ ಇರುತ್ತೆ, ಅದ್ರಲ್ಲಿ ಎಷ್ಟು ಉಳಿದಿದೆ, ಓನರ್ ಬದಲಾದ್ರೆ ಮುಂದುವರಿಯುತ್ತಾ ಅಂತ ಕೇಳಿ, ಬ್ಯಾಟರಿ ಹೆಲ್ತ್ ರಿಪೋರ್ಟ್ ತೋರಿಸಲ್ಲ ಅಂದ್ರೆ ಆ ಗಾಡಿ ಬಿಟ್ಟು ಎದ್ದು ಬನ್ನಿ. ಮಾತಿಗೆ ಮರುಳಾಗ್ಬೇಡಿ, ಹಳೇ ಗಾಡಿ ಮಾರೋರೆಲ್ಲ ಅವ್ರ ಗಾಡಿನ ಡಾಕ್ಟ್ರೇ ಓಡಿಸಿದ್ದು ಅಂತಾರೆ.

ಇದ್ರ ಜೊತೆ ಇನ್ನೊಂದು, ಇದು ಹೇಳಿದ್ರೆ ಇವಿ ಅಭಿಮಾನಿಗಳು ನನ್ನ ಮೇಲೆ ಬೀಳ್ತಾರೆ. ಸಾಲ ತೀರಿರೋ, ಚೆನ್ನಾಗಿ ಓಡ್ತಿರೋ ಪೆಟ್ರೋಲ್ ಕಾರು ಮನೇಲಿದ್ದು, ಓಡಾಟ ಕಡಿಮೆ ಇದ್ರೆ, ಬೆಲೆ ಏರಿಕೆ ಕಾಲದಲ್ಲಿ ಜೇಬಿಗೆ ಹಗುರವಾದ ಕಾರು ಅದೇ. ಟೈರಿಗೆ ಸರಿಯಾಗಿ ಗಾಳಿ ಹಾಕ್ಸಿ, ನಿಧಾನಕ್ಕೆ ಓಡ್ಸಿ, ಹತ್ರದ ಕೆಲ್ಸಕ್ಕೆ ನಡೀರಿ. ಪರಿಸರದ ಮಾತು ಬೇರೆ, ಅದನ್ನ ನಾನು ತಳ್ಳಿಹಾಕ್ತಿಲ್ಲ, ಇಲ್ಲಿ ಮಾತಾಡ್ತಿರೋದು ತಿಂಗಳ ಕೊನೆ ವಾರದ ದುಡ್ಡಿನ ಬಗ್ಗೆ. ಸರ್ಕಾರಗಳಿಗೆ ಜನ ಇವಿಗೆ ಬರ್ಲಿ ಅಂತ ನಿಜವಾಗ್ಲೂ ಇದ್ರೆ ಪೆಟ್ರೋಲ್ ತೆರಿಗೆ ಏರಿಸಿ ಕೈತೊಳ್ಕೊಳ್ಳೋದಲ್ಲ, ಬಾಡಿಗೆಯೋರು ಗಾಡಿ ನಿಲ್ಲಿಸೋ ಬೀದಿಗಳಲ್ಲಿ ಮನೆ ರೇಟಿಗೇ ನಿಧಾನದ ಚಾರ್ಜರ್ ಹಾಕಿಸ್ಲಿ. ರಾತ್ರಿಯೆಲ್ಲಾ ನಿಂತಿರೋ ಗಾಡಿಗೆ ಫಾಸ್ಟ್ ಚಾರ್ಜರ್ ಯಾಕೆ ಬೇಕು, ಮಾಮೂಲಿ ಪಾಯಿಂಟಲ್ಲೇ ಬೆಳಗಾಗೋದ್ರೊಳಗೆ ಮಾರನೇ ದಿನದ ಓಡಾಟಕ್ಕಾಗೋಷ್ಟು ತುಂಬುತ್ತೆ.

ಮೂರು ವರ್ಷಕ್ಕಿಂತ ಹಳೇ ಇವಿ ಓಡಿಸ್ತಿರೋರು ಯಾರಾದ್ರೂ ಇದ್ರೆ ಕೆಳಗೆ ಬರೀರಿ, ಇನ್ಶೂರೆನ್ಸ್ ರಿನ್ಯೂವಲ್ ಪ್ರತಿ ವರ್ಷ ಎಷ್ಟು ಬಂತು, ಟೈರ್ ಎಷ್ಟು ಕಿಲೋಮೀಟರಿಗೆ ಸವೀತು, ಮನೆ ಬಿಟ್ಟು ಹೊರಗಡೆ ಚಾರ್ಜ್ ಮಾಡಿದ್ದು ಎಷ್ಟು ಪಾಲು. ರೇಂಜ್ ಎಷ್ಟು ಕೊಡುತ್ತೆ ಅಂತ ಮಾತ್ರ ಬರೀಬೇಡಿ, ಅದನ್ನ ಕೇಳದೇನೇ ಎಲ್ರೂ ಹೇಳ್ತಾರೆ.